ಚಿತ್ರದ ಅರ್ಥ ಕೇಳಿದವರಿಗೆ ಏನು ಹೇಳಲಿ?

ಪ್ರಶ್ನೆ:

ನಾನು ಗದಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕಿ. ಶಾಲೆ ಬಿಟ್ಟ ಮೇಲೆ, ರಜೆಯ ದಿನಗಳಲ್ಲಿ, ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಚಿತ್ರ ಮಾಡುತ್ತೇನೆ. ನಮ್ಮ ಭಾಗದ ಎರಿಮಣ್ಣೇ ನನ್ನ ಬಣ್ಣ. ಮಣ್ಣನ್ನು ಬಟ್ಟೆಯಲ್ಲಿ ಸೋಸಿ, ಅಂಟು ಕಲಸಿ, ಕ್ಯಾನ್ವಾಸಿಗೆ ಪದರ ಪದರವಾಗಿ ಬಳಿಯುತ್ತೇನೆ. ಒಣಗುವಾಗ ಅದು ಬಿರುಕು ಬಿಡುತ್ತದೆ. ಕೆಲವು ಬಿರುಕುಗಳನ್ನು ಮುಚ್ಚುತ್ತೇನೆ, ಕೆಲವಕ್ಕೆ ಸುಣ್ಣ ತುಂಬುತ್ತೇನೆ, ಕೆಲವನ್ನು ಹಾಗೇ ಬಿಡುತ್ತೇನೆ. ಮನುಷ್ಯರು, ಮನೆ, ಮರ ಯಾವುದೂ ಅದರಲ್ಲಿ ಇರುವುದಿಲ್ಲ.

ಬರುವ ತಿಂಗಳು ಬೆಂಗಳೂರಿನಲ್ಲಿ ಐದು ಮಂದಿ ಕಲಾವಿದರ ಸಮೂಹ ಪ್ರದರ್ಶನವಿದೆ. ನನ್ನ ಆರು ಚಿತ್ರಗಳು ಆಯ್ಕೆಯಾಗಿವೆ. ಖುಷಿಪಡಬೇಕಾದ ಹೊತ್ತಿನಲ್ಲಿ ನಿದ್ದೆ ಕಳೆದುಕೊಂಡಿದ್ದೇನೆ. ಸಂಘಟಕರು ಒಂದು ಪುಟದ ‘ಕಲಾವಿದರ ಮಾತು’ ಬರೆದುಕೊಡಬೇಕು, ಉದ್ಘಾಟನೆಯ ಮರುದಿನ ಹತ್ತು ನಿಮಿಷ ನಿಮ್ಮ ಕೃತಿಗಳ ಬಗ್ಗೆ ಮಾತಾಡಬೇಕು ಎಂದಿದ್ದಾರೆ. ಇಂಗ್ಲಿಷಿನಲ್ಲಿದ್ದರೆ ಒಳ್ಳೆಯದಂತೆ. ಚಿತ್ರ ಮಾಡುವಾಗ ನನಗೆ ಗೊಂದಲವಿಲ್ಲ. ಅದರ ಬಗ್ಗೆ ಹೇಳು ಎಂದರೆ ಬಾಯಿ ಒಣಗುತ್ತದೆ.

ಹೋದ ವರ್ಷ ನಮ್ಮೂರಲ್ಲೇ ಸಣ್ಣದೊಂದು ಪ್ರದರ್ಶನ ಇಟ್ಟಿದ್ದೆವು. ಒಕ್ಕಲುತನ ಮಾಡುವ ನನ್ನ ಸೋದರಮಾವ ಬಂದು, ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತು, “ಹೊಲದಾಗಿನ ಬಿರುಕು ಗ್ವಾಡಿಗೆ ಯಾಕ ತೂಗ ಹಾಕೀಯವ್ವಾ?” ಎಂದು ಕೇಳಿದರು. ಏನು ಹೇಳಬೇಕೋ ತೋಚದೆ, ಕಾಲೇಜಿನಲ್ಲಿ ಕೇಳಿದ್ದ ಮಾತನ್ನೇ “ನಿಮಗೇನು ಕಾಣತೈತೋ ಅದ ಅರ್ಥ ಮಾಮಾ” ಎಂದುಬಿಟ್ಟೆ. ಅವರು ಮತ್ತೇನೂ ಕೇಳಲಿಲ್ಲ. ಚಹಾ ಕುಡಿದು ಹೋದರು. ಅಂದಿನಿಂದ ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ.

“ಚಿತ್ರ ಮಾತಾಡಬೇಕು, ಚಿತ್ರಗಾರ ಸುಮ್ಮನಿರಬೇಕು” ಎನ್ನುತ್ತಿದ್ದರು ನಮ್ಮ ಗುರುಗಳು. ಸಹಾಯಕ್ಕೆಂದು ಗೆಳೆಯರೊಬ್ಬರು ಒಂದು ಪುಟ ಬರೆದುಕೊಟ್ಟಿದ್ದಾರೆ. “ಈ ಕೃತಿಗಳು ಅಸ್ತಿತ್ವ ಮತ್ತು ಶೂನ್ಯದ ನಡುವಿನ ಅನುಸಂಧಾನವಾಗಿದ್ದು, ಆಧುನಿಕ ಮನುಷ್ಯನ ಅಂತರಂಗದ ಛಿದ್ರತೆಯ ರೂಪಕಾತ್ಮಕ ಅಭಿವ್ಯಕ್ತಿಯಾಗಿವೆ” ಎಂದು ಅದು ಶುರುವಾಗುತ್ತದೆ. ಓದಿದರೆ ಬೇರೆ ಯಾರದೋ ಚಿತ್ರದ ಬಗ್ಗೆ ಬರೆದಂತಿದೆ. ಇನ್ನೊಂದು ವಿಷಯ. ನಾನು ಕಲಾ ಕಾಲೇಜು ಸೇರಿದ ವರ್ಷವೇ ಅಪ್ಪ ನಮ್ಮ ನಾಲ್ಕು ಎಕರೆ ಹೊಲ ಮಾರಿದರು. ಇದನ್ನು ಹೊರಗೆ ಯಾರಿಗೂ ಹೇಳಿಲ್ಲ. ಹೇಳಬೇಕೇ? ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು?

– ಹೆಸರು ಬೇಡ, ಗದಗ ಜಿಲ್ಲೆ

ಉತ್ತರ:

ಪ್ರಿಯ ಸೋದರಿ,

ನಿಮ್ಮ ಪತ್ರದ ಮೊದಲ ಪ್ಯಾರಾವನ್ನು ಮತ್ತೊಮ್ಮೆ ಓದಿ. ಮಣ್ಣನ್ನು ಎಲ್ಲಿಂದ ತರುತ್ತೀರಿ, ಹೇಗೆ ಸೋಸುತ್ತೀರಿ, ಬಿರುಕು ಬಿಟ್ಟ ಮೇಲೆ ಏನು ಮಾಡುತ್ತೀರಿ ಎಂಬುದನ್ನೆಲ್ಲ ಎಲ್ಲೂ ತಡವರಿಸದೆ ಹೇಳಿದ್ದೀರಿ. ಆ ಚಿತ್ರಗಳನ್ನು ನೋಡದ ನನಗೂ ಅವು ಕಣ್ಣಿಗೆ ಕಟ್ಟಿದವು. ಹಾಗಾಗಿ ನಿಮಗೆ ಮಾತು ಬರುವುದಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ‘ಅರ್ಥ ಹೇಳು’ ಎಂದು ಯಾರಾದರೂ ಕೇಳಿದ ಕೂಡಲೇ ನಿಮ್ಮ ಬಾಯಿ ಕಟ್ಟುತ್ತದೆ, ಅಷ್ಟೇ. ಇದು ನಿಮ್ಮೊಬ್ಬರ ತೊಂದರೆಯೂ ಅಲ್ಲ. ಚಿತ್ರಕಾರರು, ಶಿಲ್ಪಿಗಳು, ಕವಿಗಳು, ನಾಟಕದವರು ಎಲ್ಲರೂ ತಡವರಿಸುವ ಜಾಗ ಇದೇ. ಆದ್ದರಿಂದ ಮೊದಲು ಇದನ್ನೇ ಬಿಡಿಸಿಕೊಳ್ಳೋಣ.

ಚಿತ್ರದ ಅರ್ಥಕ್ಕೆ ನೀವು ಒಬ್ಬರೇ ಹೊಣೆಯಲ್ಲ. ಚಿತ್ರ ಮಾಡಿದ ಕೆಲಸಕ್ಕೆ ಮಾತ್ರ ನೀವೊಬ್ಬರೇ ಸಾಕ್ಷಿ. ಏನನ್ನು ನೋಡಿ ಹೊರಟಿರಿ, ಏನು ಮಾಡಿದಿರಿ, ಏನನ್ನು ಬೇಡವೆಂದು ಬಿಟ್ಟಿರಿ ಎಂಬ ಮೂರನ್ನು ನಿಮ್ಮಷ್ಟು ಚೆನ್ನಾಗಿ ಹೇಳಬಲ್ಲವರು ಲೋಕದಲ್ಲಿ ಮತ್ತೊಬ್ಬರಿಲ್ಲ. ಕಲಾವಿದರು ತಮ್ಮ ಕೆಲಸದ ಬಗ್ಗೆ ಆಡಿದ ಒಳ್ಳೆಯ ಮಾತುಗಳನ್ನೆಲ್ಲ ಗಮನಿಸಿ ನೋಡಿ, ಬಹುಪಾಲು ಈ ಮೂರರ ಸುತ್ತಲೇ ಇರುತ್ತವೆ.

ಪಿಕಾಸೋನ ‘ಗೆರ್ನಿಕಾ’ವನ್ನೇ ತೆಗೆದುಕೊಳ್ಳಿ. 1937ರ ಏಪ್ರಿಲ್ 26ರಂದು ಸ್ಪೇನಿನ ಬಾಸ್ಕ್ ಪ್ರದೇಶದ ಗೆರ್ನಿಕಾ ಪಟ್ಟಣದ ಮೇಲೆ ಜರ್ಮನಿ, ಇಟಲಿಗಳ ವಿಮಾನಗಳು ಬಾಂಬ್ ಹಾಕಿದವು. ಆ ವರ್ಷ ಪ್ಯಾರಿಸ್ಸಿನಲ್ಲಿ ನಡೆದ ಅಂತಾರಾಷ್ಟ್ರೀಯ ಪ್ರದರ್ಶನದ ಸ್ಪೇನ್ ಮಂಟಪಕ್ಕಾಗಿ ಪಿಕಾಸೋ ಆ ದೊಡ್ಡ ಚಿತ್ರವನ್ನು ಮಾಡಿದ. ಅದರಲ್ಲಿ ಗೂಳಿಯಿದೆ, ನೋವಿನಿಂದ ಕೂಗುವ ಕುದುರೆಯಿದೆ. ಅವುಗಳ ಅರ್ಥವೇನೆಂದು ಜನ ವರ್ಷಗಟ್ಟಲೆ ಅವನನ್ನು ಕೇಳಿದರು. ಗೂಳಿ ಎಂದರೆ ಕ್ರೌರ್ಯ ಮತ್ತು ಕತ್ತಲು, ಕುದುರೆ ಎಂದರೆ ಜನ ಎಂದು ಒಮ್ಮೆ ಹೇಳಿದ. ಇನ್ನೊಮ್ಮೆ ಕೇಳಿದಾಗ ಗೂಳಿ ಗೂಳಿಯೇ, ಕುದುರೆ ಕುದುರೆಯೇ, ಅರ್ಥ ಹಚ್ಚುವುದು ನೋಡುವವರಿಗೆ ಬಿಟ್ಟದ್ದು ಎಂದ. ಎರಡೂ ಉತ್ತರಗಳಿಂದ ಚಿತ್ರದ ಬಗೆಗಿನ ಚರ್ಚೆ ಮುಗಿಯಲಿಲ್ಲ. ಆದರೆ ಡೋರಾ ಮಾರ್ ಎಂಬ ಕಲಾವಿದೆ, ಚಿತ್ರ ಹಂತಹಂತವಾಗಿ ಮೂಡುತ್ತಿದ್ದಾಗ ಫೋಟೋ ತೆಗೆದಿಟ್ಟಿದ್ದಾಳೆ. ಮೊದಲ ಹಂತದ ಫೋಟೋದಲ್ಲಿ, ನೆಲಕ್ಕೆ ಬಿದ್ದ ಸೈನಿಕನ ತೋಳು ಮುಷ್ಟಿ ಬಿಗಿದು ಆಕಾಶಕ್ಕೆ ಚಾಚಿದೆ. ಮುಗಿದ ಚಿತ್ರದಲ್ಲಿ ಆ ಎತ್ತಿದ ತೋಳಿಲ್ಲ. ಘೋಷಣೆ ಕೂಗುವ ಮುಷ್ಟಿಯನ್ನು ಪಿಕಾಸೋ ತೆಗೆದುಹಾಕಿದ ಎಂಬ ಒಂದು ಸಂಗತಿ, ಗೂಳಿಯ ಅರ್ಥದ ಬಗ್ಗೆ ಅವನು ಕೊಟ್ಟ ಎರಡೂ ಉತ್ತರಗಳಿಗಿಂತ ಹೆಚ್ಚಾಗಿ ನಮ್ಮನ್ನು ಚಿತ್ರದೊಳಗೆ ಕರೆದೊಯ್ಯುತ್ತದೆ. ಬೇಡವೆಂದು ಬಿಟ್ಟದ್ದನ್ನು ಹೇಳಿ ಎಂದು ನಾನು ಅಂದದ್ದು ಇದಕ್ಕೇ.

ನಿಮ್ಮ ಕೆಲಸಕ್ಕೆ ಇನ್ನೂ ಹತ್ತಿರದ ನಿದರ್ಶನ ವ್ಯಾನ್ ಗೋ. 1885ರಲ್ಲಿ ಅವನು ನೆದರ್ಲೆಂಡ್ಸಿನ ನ್ಯೂನೆನ್ ಎಂಬ ಹಳ್ಳಿಯಲ್ಲಿದ್ದ. ಚಳಿಗಾಲವಿಡೀ ರೈತರ ಮುಖಗಳನ್ನು ಅಭ್ಯಾಸ ಮಾಡಿ, ಬಡ ಒಕ್ಕಲು ಕುಟುಂಬವೊಂದು ದೀಪದ ಬೆಳಕಿನಲ್ಲಿ ಕೂತು ಆಲೂಗಡ್ಡೆ ತಿನ್ನುವ ಚಿತ್ರ ಮಾಡಿದ. ಅದರ ಬಗ್ಗೆ ತಮ್ಮ ಥಿಯೋಗೆ ಪತ್ರ ಬರೆದ. ತಟ್ಟೆಗೆ ಚಾಚಿದ ಕೈಗಳೇ ನೆಲ ಅಗೆದ ಕೈಗಳು ಎಂಬುದು ಕಾಣಬೇಕೆಂದು ಯತ್ನಿಸಿದೆ, ಅವರು ಆ ಊಟವನ್ನು ದುಡಿದು ಗಳಿಸಿದ್ದಾರೆ ಎಂಬುದು ಕಾಣಬೇಕು ಎಂದ. ಮುಖಗಳ ಬಣ್ಣ ಸಿಪ್ಪೆ ಸುಲಿಯದ, ಮಣ್ಣು ಮೆತ್ತಿದ ಆಲೂಗಡ್ಡೆಯ ಬಣ್ಣಕ್ಕೆ ಹತ್ತಿರವಾಗಿದೆ ಎಂದೂ ಬರೆದ. ಈ ಮಾತುಗಳಲ್ಲಿ ಕೈ ಇದೆ, ನೆಲ ಇದೆ, ಆಲೂಗಡ್ಡೆಯ ಸಿಪ್ಪೆ ಇದೆ. ಇವನ್ನು ತಿಳಿದವರು ಚಿತ್ರದ ಮುಂದೆ ನಿಂತರೆ ಕಣ್ಣು ನೇರ ಆ ಗಂಟುಗಂಟಾದ ಕೈಗಳ ಮೇಲೆ ಹೋಗುತ್ತದೆ. ಕಲಾವಿದನ ಮಾತು ಮಾಡಬೇಕಾದ ಕೆಲಸ ಇಷ್ಟೇ: ನೋಡುವವರ ಕಣ್ಣನ್ನು ಚಿತ್ರದೊಳಗಿನ ಒಂದು ಜಾಗಕ್ಕೆ ಕರೆತಂದು, ಅಲ್ಲಿ ಬಿಟ್ಟು, ಹಿಂದೆ ಸರಿಯುವುದು. ಥಿಯೋಗೆ ಬರೆದ ಪತ್ರಗಳಲ್ಲಿ 650ಕ್ಕೂ ಹೆಚ್ಚು ಇಂದಿಗೂ ಉಳಿದಿವೆ. ಅವುಗಳಲ್ಲಿ ವ್ಯಾನ್ ಗೋ ತನ್ನ ಕೆಲಸದ ಬಗ್ಗೆ ಇದೇ ರೀತಿ, ಬಣ್ಣ ಬಣ್ಣವಾಗಿ, ವಸ್ತು ವಸ್ತುವಾಗಿ ಮಾತಾಡಿದ್ದಾನೆ. ಅವು ಭಾಷಣಗಳಲ್ಲ. ಅಣ್ಣ ತಮ್ಮನಿಗೆ ಹೇಳಿದ ಮಾತುಗಳು.

ಇನ್ನು ನಿಮ್ಮ ಸೋದರಮಾವನ ವಿಷಯ. ಅವರು ಅರ್ಥ ಕೇಳಲಿಲ್ಲ ಎಂಬುದನ್ನು ಗಮನಿಸಿದಿರಾ? ಮನುಷ್ಯರು, ಮರ, ಮನೆ ಯಾವುದೂ ಇಲ್ಲದ ಆ ಚಿತ್ರ ಏನೆಂದು ಅವರಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಅದು ಹೊಲದ ಬಿರುಕೇ ಎಂದು ಗುರುತಿಸಿ, ಇದನ್ನು ಗೋಡೆಗೆ ಯಾಕೆ ತಂದೆ ಎಂದು ಕೇಳಿದರು. ಬೆಂಗಳೂರಿನ ಗ್ಯಾಲರಿಯಲ್ಲಿ ನಿಮಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದು ಕಷ್ಟ. ‘ನಿಮಗೇನು ಕಾಣುತ್ತದೋ ಅದೇ’ ಎಂಬ ಉತ್ತರ ಕೇಳಲು ಉದಾರವಾಗಿದೆ. ಆದರೆ ಬಾಗಿಲಿಗೆ ಬಂದವರನ್ನು ಒಳಗೆ ಕರೆಯದೆ ಕಳಿಸಿದಂತೆ ಅವರಿಗೆ ಅನಿಸಿರುತ್ತದೆ. ತಮಗೆ ಕಂಡದ್ದನ್ನು ಅವರು ಆಗಲೇ ಹೇಳಿದ್ದರಲ್ಲ! ನಿಮಗೆ ಕಂಡದ್ದೇನು ಎಂದು ತಿಳಿಯುವ ಆಸೆ ಅವರಿಗಿತ್ತು.

ಎರಿಭೂಮಿ ಬೇಸಗೆಯಲ್ಲಿ ಯಾಕೆ ಬಿರುಕು ಬಿಡುತ್ತದೆ ಎಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಆ ಮಣ್ಣಿನ ಜೇಡಿ ಮಳೆಗೆ ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಒಣಗಿ ಕುಗ್ಗುತ್ತದೆ. ಕುಗ್ಗಿದಾಗ ನೆಲ ಆಳಕ್ಕೆ ಸೀಳುತ್ತದೆ. ಮೇಲಿನ ಮಣ್ಣು ಆ ಸೀಳಿನೊಳಗೆ ಉದುರುತ್ತದೆ, ಮಳೆ ಬಂದಾಗ ಬಿರುಕು ಕೂಡಿಕೊಳ್ಳುತ್ತದೆ. ಹೀಗೆ ಆ ನೆಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಪೇಟೆಯವರ ಕಣ್ಣಿಗೆ ಬಿರುಕು ಎಂದರೆ ಬರಗಾಲ, ಸಾವು. ನಿಮ್ಮ ಕಡೆಯ ಒಕ್ಕಲಿಗರ ಕಣ್ಣಿಗೆ ಅದು ಮುಂದಿನ ಹಂಗಾಮಿನ ತಯಾರಿಯೂ ಹೌದು. ನೀವು ಕೆಲವು ಬಿರುಕುಗಳನ್ನು ಮುಚ್ಚಿ, ಕೆಲವನ್ನು ಹಾಗೇ ಬಿಡುವುದರಲ್ಲಿ ಈ ತಿಳಿವಳಿಕೆ ಕೆಲಸ ಮಾಡಿದೆಯೋ ಇಲ್ಲವೋ ನೀವೇ ಬಲ್ಲಿರಿ. ಮಾಡಿದ್ದರೆ ಅದು ಹೇಳಲೇಬೇಕಾದ ಮಾತು. ಬೆಂಗಳೂರಿಗೆ ಹೊರಡುವ ಮೊದಲು ಮಾಮನನ್ನು ಆ ಶೆಡ್ಡಿಗೆ ಕರೆಯಿರಿ. ಒಂದು ಕ್ಯಾನ್ವಾಸ್ ಮುಂದಿಟ್ಟು, “ಈ ಬಿರುಕು ನಾ ಮುಚ್ಚೀನಿ, ಇದನ್ನ ಬಿಟ್ಟೀನಿ” ಎಂದು ಬೆರಳಿಟ್ಟು ತೋರಿಸಿ. ಅವರು ಏನು ಕೇಳುತ್ತಾರೋ ಕೇಳಿಸಿಕೊಳ್ಳಿ. ನಿಮ್ಮ ಹತ್ತು ನಿಮಿಷದ ಮಾತಿಗೆ ಇದಕ್ಕಿಂತ ಒಳ್ಳೆಯ ತಾಲೀಮು ಇಲ್ಲ.

ಕೆಲಸದ ಬಗ್ಗೆ ಮಾತಾಡುವುದು ನಮ್ಮ ಕರಕುಶಲಿಗಳಿಗೆ ಹೊಸದೇನಲ್ಲ. ಬೀದರಿನ ಬಿದರಿ ಕೆಲಸಗಾರರ ಮಳಿಗೆಯ ಮುಂದೆ ನಿಂತು, ಇದು ಹೇಗೆ ಇಷ್ಟು ಕಪ್ಪು ಎಂದು ಕೇಳಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುವುದು, ಉಳಿಯಿಂದ ಚಿತ್ತಾರ ಕೊರೆಯುವುದು, ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿಯುವುದು ಇದನ್ನೆಲ್ಲ ಹೇಳುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಕುದಿಸಿದ ನೀರಿನಲ್ಲಿ ಅದ್ದಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ ಎಂದು ವಿವರಿಸುತ್ತಾರೆ. ಅಷ್ಟು ಕೇಳಿದ ಮೇಲೆ ಕೈಯಲ್ಲಿರುವ ಆ ಪುಟ್ಟ ಹೂಜಿಯನ್ನು ನಾವು ನೋಡುವ ಬಗೆಯೇ ಬದಲಾಗುತ್ತದೆ. ಅರ್ಥದ ಮಾತು ಒಂದೂ ಬಂದಿರುವುದಿಲ್ಲ, ಆದರೂ ಅರಿವು ಹೆಚ್ಚಿರುತ್ತದೆ. ನೀವೂ ಮಣ್ಣಿನಿಂದ ಕೆಲಸ ಮಾಡುವವರು. ಅಲ್ಲಿಂದಲೇ ಶುರುಮಾಡಿ.

ಗುರುಗಳ ಮಾತನ್ನು ತಳ್ಳಿಹಾಕಬೇಕಾಗಿಲ್ಲ. ಚಿತ್ರ ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಎಂಬುದು ಅದರ ತಿರುಳು, ಅದು ಸರಿ. ವಿವರಣೆಯ ಊರುಗೋಲಿಲ್ಲದೆ ನಿಲ್ಲಲಾರದ ಚಿತ್ರವನ್ನು ಯಾವ ಮಾತೂ ಉಳಿಸದು. ಅಮೆರಿಕದ ಚಿತ್ರಕಾರ ಮಾರ್ಕ್ ರಾತ್ಕೋ ಕೊನೆಯ ವರ್ಷಗಳಲ್ಲಿ ತನ್ನ ಚಿತ್ರಗಳ ಬಗ್ಗೆ ವಿವರಣೆ ಕೊಡುವುದನ್ನು ಬಹುಮಟ್ಟಿಗೆ ನಿಲ್ಲಿಸಿಬಿಟ್ಟ. ತನ್ನ ಮಾತು ನೋಡುಗರ ಕಲ್ಪನೆಗೆ ಅಡ್ಡ ಬರುತ್ತದೆ ಎಂಬ ಅಂಜಿಕೆ ಅವನದು. ಆದರೆ ಅದೇ ರಾತ್ಕೋ 1943ರಲ್ಲಿ, ಇವರ ಚಿತ್ರಗಳು ತನಗೆ ತಿಳಿಯಲಿಲ್ಲ ಎಂದು ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕ ಬರೆದಾಗ, ಗೆಳೆಯ ಅಡಾಲ್ಫ್ ಗಾಟ್ಲೀಬ್ ಜೊತೆ ಸೇರಿ ಪತ್ರಿಕೆಗೆ ದೀರ್ಘ ಪತ್ರ ಬರೆದು ತಮ್ಮ ನಂಬಿಕೆಗಳನ್ನು ಒಂದೊಂದಾಗಿ ಮುಂದಿಟ್ಟಿದ್ದ. ಮಾತಾಡಬಲ್ಲವನು ಯೋಚಿಸಿ ಆರಿಸಿಕೊಂಡ ಮೌನ ಅದು. ನಿಮ್ಮ ಮೌನ ಅಂಥದ್ದಲ್ಲ, ಹೆದರಿಕೆಯಿಂದ ಬಂದದ್ದು. ಮೊದಲು ಮಾತಾಡಲು ಕಲಿಯಿರಿ. ಮುಂದೊಂದು ದಿನ ಸುಮ್ಮನಿರಬೇಕು ಅನಿಸಿದರೆ, ಆಗ ಸುಮ್ಮನಿರುವ ಹಕ್ಕು ನಿಮಗಿರುತ್ತದೆ.

ಗೆಳೆಯರು ಬರೆದುಕೊಟ್ಟ ಪುಟವನ್ನು ವಂದನೆ ಹೇಳಿ ಮರಳಿಸಿ. ಅವರ ಉದ್ದೇಶ ಒಳ್ಳೆಯದೇ. ಆದರೆ ಅಸ್ತಿತ್ವ, ಶೂನ್ಯ, ಛಿದ್ರತೆ ಎಂಬ ಪದಗಳು ಯಾರ ಚಿತ್ರಕ್ಕಾದರೂ ಹೊಂದುತ್ತವೆ. ಹಾಗೆ ಎಲ್ಲರಿಗೂ ಹೊಂದುವ ವಾಕ್ಯ ನಿಮ್ಮ ಚಿತ್ರದ ಬಗ್ಗೆ ಏನನ್ನೂ ಹೇಳಿದಂತಾಗಲಿಲ್ಲ. ಒಂದು ಪರೀಕ್ಷೆ ಇಟ್ಟುಕೊಳ್ಳಿ. ಬರೆದ ಪ್ರತಿ ವಾಕ್ಯವನ್ನೂ ಜೊತೆಗಿರುವ ಉಳಿದ ನಾಲ್ವರ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿ. ಅಲ್ಲಿಯೂ ಸಲ್ಲುವುದಾದರೆ ಹೊಡೆದುಹಾಕಿ. ನಿಮ್ಮ ಪತ್ರದಲ್ಲಿರುವುದನ್ನೇ ಎತ್ತಿಕೊಂಡು ನಾನೊಂದು ಮಾದರಿ ಬರೆದಿದ್ದೇನೆ:

“ನಾನು ಗದಗ ಜಿಲ್ಲೆಯ ಎರಿಸೀಮೆಯವಳು. ನಮ್ಮೂರ ಎರಿಮಣ್ಣನ್ನು ಬಟ್ಟೆಯಲ್ಲಿ ಸೋಸಿ, ಅಂಟು ಕಲಸಿ ಕ್ಯಾನ್ವಾಸಿಗೆ ಬಳಿಯುತ್ತೇನೆ. ಒಣಗುವಾಗ ಮಣ್ಣು ತನಗೆ ಬೇಕಾದಲ್ಲಿ ಒಡೆಯುತ್ತದೆ. ಅದರಲ್ಲಿ ನನ್ನ ಕೈವಾಡವಿಲ್ಲ. ಒಡೆದ ಮೇಲೆ ನನ್ನ ಕೆಲಸ ಶುರು. ಯಾವ ಬಿರುಕನ್ನು ಮುಚ್ಚಬೇಕು, ಯಾವುದಕ್ಕೆ ಸುಣ್ಣ ತುಂಬಬೇಕು, ಯಾವುದನ್ನು ಮುಟ್ಟಬಾರದು ಎಂದು ನೋಡುತ್ತಾ ಕೂರುತ್ತೇನೆ. ಬಿಳಿ ಗೆರೆಗಳು ನಾನು ಆರಿಸಿಕೊಂಡವು. ಕಪ್ಪು ಗೆರೆಗಳು ಮಣ್ಣಿನವು.”

ಇದು ನನ್ನ ಊಹೆಯ ಕರಡು. ತಪ್ಪಿದ್ದಲ್ಲಿ ತಿದ್ದಿ, ನಿಮ್ಮ ಚಿತ್ರಕ್ಕೆ ಒಪ್ಪದ ಮಾತನ್ನು ಕಿತ್ತುಹಾಕಿ. ಹತ್ತು ಹನ್ನೆರಡು ಸಾಲು ಸಾಕು. ಒಂದು ಪುಟ ಎಂದರು ಎಂದು ಪುಟ ತುಂಬಿಸಬೇಕಾಗಿಲ್ಲ. ಚಿತ್ರಗಳ ಕೆಳಗಿನ ಚೀಟಿಯನ್ನೂ ಕಡೆಗಣಿಸಬೇಡಿ. ‘ಮಿಶ್ರ ಮಾಧ್ಯಮ’ ಎಂದು ಬರೆಯುವ ಬದಲು ‘ಕ್ಯಾನ್ವಾಸ್ ಮೇಲೆ ಎರಿಮಣ್ಣು, ಅಂಟು, ಸುಣ್ಣ’ ಎಂದು ಬರೆಯಿರಿ. ಅರ್ಧ ಪ್ರಶ್ನೆಗಳಿಗೆ ಆ ಚೀಟಿಯೇ ಉತ್ತರ ಕೊಡುತ್ತದೆ.

ಇಂಗ್ಲಿಷಿನ ಬಗ್ಗೆ ಅಂಜಬೇಡಿ. ಮೊದಲು ಕನ್ನಡದಲ್ಲಿ ಬರೆಯಿರಿ. ಆಮೇಲೆ ಎರಡೂ ಭಾಷೆ ಬಲ್ಲ, ನಿಮ್ಮ ಚಿತ್ರಗಳನ್ನು ಕಣ್ಣಾರೆ ಕಂಡ ಯಾರಿಂದಲಾದರೂ ಅನುವಾದ ಮಾಡಿಸಿ, ಎರಡನ್ನೂ ಅಕ್ಕಪಕ್ಕದಲ್ಲಿ ಹಾಕಲು ಸಂಘಟಕರಿಗೆ ಹೇಳಿ. ಎರಿಮಣ್ಣು ಎಂಬ ಹೆಸರು ಅನುವಾದದಲ್ಲೂ ಹಾಗೇ ಉಳಿಯಲಿ. ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿ ಈ ದೇಶದ ದೊಡ್ಡ ಚಿತ್ರಕಾರರಲ್ಲಿ ಒಬ್ಬರು. 1950ರ ದಶಕದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಅವರು ದೃಷ್ಟಿಯನ್ನು ಪೂರ್ತಿ ಕಳೆದುಕೊಂಡರು. ಆಮೇಲೂ ಕಲಾಕೆಲಸ ನಿಲ್ಲಿಸಲಿಲ್ಲ, ತಮ್ಮ ಬದುಕು ಮತ್ತು ಚಿತ್ರದ ಬಗ್ಗೆ ‘ಚಿತ್ರಕರ್’ ಎಂಬ ಪುಸ್ತಕ ಕೊಟ್ಟರು. ಅದನ್ನು ಬರೆದದ್ದು ತಮ್ಮ ಬಂಗಾಳಿಯಲ್ಲಿ. ಅವರ ಶಿಷ್ಯರಾಗಿದ್ದ ಸತ್ಯಜಿತ್ ರೇ 1972ರಲ್ಲಿ ಗುರುಗಳ ಮೇಲೆ ಒಂದು ಸಾಕ್ಷ್ಯಚಿತ್ರವನ್ನೇ ತೆಗೆದರು. ಬಂಗಾಳಿಯಲ್ಲಿ ಬರೆದದ್ದರಿಂದ ಅವರ ಗೌರವಕ್ಕೆ ಎಳ್ಳಷ್ಟೂ ಕುಂದು ಬರಲಿಲ್ಲ. ನಮ್ಮಲ್ಲಿ ಸಾಹಿತಿಗಳು ಈ ಕೆಲಸವನ್ನು ಕನ್ನಡದಲ್ಲಿ ಧಾರಾಳವಾಗಿ ಮಾಡಿದ್ದಾರೆ. ‘ನಾನೇಕೆ ಬರೆಯುತ್ತೇನೆ?’ ಎಂದು ಭೈರಪ್ಪನವರು ಪುಸ್ತಕವನ್ನೇ ಬರೆದಿದ್ದಾರೆ. ಚಿತ್ರಕಾರರು ಕನ್ನಡದಲ್ಲಿ ತಮ್ಮ ಕೆಲಸದ ಬಗ್ಗೆ ಬರೆದದ್ದು ಅದಕ್ಕೆ ಹೋಲಿಸಿದರೆ ಬಹಳ ಕಡಿಮೆ. ನೀವು ಬರೆಯುವ ಹನ್ನೆರಡು ಸಾಲು ಆ ಕೊರತೆಯನ್ನು ಅಷ್ಟರಮಟ್ಟಿಗೆ ತುಂಬುತ್ತವೆ.

ಹತ್ತು ನಿಮಿಷದ ಮಾತಿಗೆ ಬರೋಣ. ಆರೂ ಚಿತ್ರಗಳ ಬಗ್ಗೆ ಹೇಳಲು ಹೋಗಬೇಡಿ, ಎರಡನ್ನು ಆರಿಸಿಕೊಳ್ಳಿ. ಸಾಧ್ಯವಾದರೆ ವೇದಿಕೆ ಬೇಡ, ಚಿತ್ರದ ಪಕ್ಕದಲ್ಲೇ ನಿಂತು ಮಾತಾಡುತ್ತೇನೆ ಎನ್ನಿ. ಒಂದು ಡಬ್ಬಿಯಲ್ಲಿ ಸೋಸಿದ ಎರಿಮಣ್ಣನ್ನೂ, ಒಂದು ಅಂಗೈಯಗಲದ ಮಾದರಿ ತುಣುಕನ್ನೂ ಒಯ್ಯಿರಿ. ಜನ ಮುಟ್ಟಿ ನೋಡಲಿ. ಕೈಯಲ್ಲಿ ವಸ್ತುವಿದ್ದರೆ ಮಾತು ತಾನಾಗಿ ಬರುತ್ತದೆ, ನಡುಕವೂ ಕಡಿಮೆಯಾಗುತ್ತದೆ. ಒಂದು ಚಿತ್ರ ಹೇಗೆ ಆಯಿತು ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿ. ಇನ್ನೊಂದರಲ್ಲಿ ಎಲ್ಲಿ ಕೆಟ್ಟಿತು, ಏನು ಮಾಡಿ ಸರಿಪಡಿಸಿದಿರಿ ಎಂದು ಹೇಳಿ. ಕೆಟ್ಟದ್ದನ್ನು ಹೇಳಲು ಸಂಕೋಚ ಬೇಡ, ಕೇಳುವವರು ಹೆಚ್ಚು ಕಿವಿಗೊಡುವುದು ಅಲ್ಲಿಯೇ. ಶಾಲೆಯಲ್ಲಿ ಮಗುವೊಂದು ಚಿತ್ರ ತಂದು ತೋರಿಸಿದಾಗ, ಇದರ ಅರ್ಥವೇನು ಎಂದು ನೀವು ಕೇಳುವುದಿಲ್ಲವಷ್ಟೆ? ಇಲ್ಲಿ ಯಾಕೆ ಹಸಿರು ಹಾಕಿದೆ, ಈ ಗೆರೆ ಹೇಗೆ ಎಳೆದೆ ಎಂದು ಕೇಳುತ್ತೀರಿ. ಆ ಪ್ರಶ್ನೆಗಳನ್ನೇ ನಿಮಗೆ ನೀವು ಹಾಕಿಕೊಂಡು ಉತ್ತರ ಹೇಳಿ.

ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೀವು ಬಲ್ಲಿರಿ. ಕುಣಿಯುವ ಮೈಯನ್ನು ಅವರು ಎರಡು ಮೂರು ಗೆರೆಗಳಲ್ಲಿ ಹಿಡಿಯುತ್ತಿದ್ದರು. ಲಯವನ್ನು ಮೈಯಿಂದಲೇ ತಿಳಿಯಬೇಕೆಂದು ಅವರು ಕಥಕ್ ನೃತ್ಯ ಕಲಿತಿದ್ದರು. ಈ ಒಂದು ಸಂಗತಿ ಗೊತ್ತಾದರೆ ಸಾಕು, ಆ ಗೆರೆಗಳು ಯಾಕೆ ಅಷ್ಟು ಹಗುರ ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. ಇಂಥ ಒಂದೆರಡು ಸಂಗತಿಗಳು ನಿಮ್ಮ ಕೆಲಸದಲ್ಲೂ ಇವೆ. ಹುಡುಕಿಕೊಳ್ಳಿ.

ಜನ ಕೇಳುವ ಎರಡು ಪ್ರಶ್ನೆಗಳಿಗೆ ಮೊದಲೇ ಸಿದ್ಧರಾಗಿರಿ. ಇದಕ್ಕೆ ಎಷ್ಟು ದಿನ ಹಿಡಿಯಿತು, ಇಷ್ಟು ಬೆಲೆ ಯಾಕೆ? ಪ್ರತಿವರ್ಷ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ ಬೀದಿಬದಿ ಚಿತ್ರ ಹರಡಿಕೊಂಡು ನಿಲ್ಲುವ ಕಲಾವಿದರು ಬೆಳಗಿನಿಂದ ಸಂಜೆಯವರೆಗೆ ಉತ್ತರಿಸುವುದು ಇವಕ್ಕೇ. ಲಂಡನ್ನಿನಲ್ಲಿ ಇದು ಒಮ್ಮೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿತ್ತು. ಜಾನ್ ರಸ್ಕಿನ್ ಎಂಬ ದೊಡ್ಡ ವಿಮರ್ಶಕ, ವಿಸ್ಲರ್ ಎಂಬ ಚಿತ್ರಕಾರನ ಕೃತಿಯನ್ನು ಜನರ ಮುಖಕ್ಕೆ ಬಣ್ಣದ ಡಬ್ಬಿ ಎರಚಿದ್ದು ಎಂಬರ್ಥದಲ್ಲಿ 1877ರಲ್ಲಿ ಜರೆದ. ರಾತ್ರಿಯ ಆಕಾಶದಲ್ಲಿ ಸಿಡಿದು ಉದುರುವ ಬಾಣಬಿರುಸಿನ ಚಿತ್ರ ಅದು. ವಿಸ್ಲರ್ ಮಾನನಷ್ಟದ ಮೊಕದ್ದಮೆ ಹೂಡಿದ. ಮರುವರ್ಷ ವಿಚಾರಣೆಯಲ್ಲಿ ಎದುರು ವಕೀಲರು ಅದನ್ನು ಮಾಡಲು ಎಷ್ಟು ದಿನ ಬೇಕಾಯಿತು ಎಂದು ಕೇಳಿದರು. ಎರಡು ದಿನ ಎಂದ. ಎರಡು ದಿನದ ದುಡಿಮೆಗೆ 200 ಗಿನಿ ಕೇಳುತ್ತೀಯಾ ಎಂದರು. ಅಲ್ಲ, ಇಡೀ ಬದುಕಿನಲ್ಲಿ ಗಳಿಸಿದ ತಿಳಿವಳಿಕೆಗೆ ಕೇಳುತ್ತೇನೆ ಎಂದ. ಮೊಕದ್ದಮೆ ಗೆದ್ದರೂ ಕೋರ್ಟು ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್ ಮಾತ್ರ, ಪೆನ್ನಿಯ ಕಾಲುಭಾಗ. ಖರ್ಚಿನ ಹೊರೆ ಸೇರಿ ಮುಂದಿನ ವರ್ಷ ಅವನು ದಿವಾಳಿಯಾದ. ಆದರೂ ಆ ಉತ್ತರ ಇಂದಿಗೂ ಎಲ್ಲ ಕಲಾವಿದರ ಪರವಾಗಿ ನಿಂತಿದೆ. ನಿಮ್ಮನ್ನು ಕೇಳಿದಾಗ ಸಿಟ್ಟಾಗದೆ, ಮಣ್ಣು ಸೋಸುವುದರಿಂದ ಹಿಡಿದು ಒಣಗಲು ಕಾಯುವವರೆಗಿನ ಕೆಲಸವನ್ನು ಇದ್ದಂತೆ ಹೇಳಿ. ಬೆಲೆಯನ್ನು ತಲೆ ತಗ್ಗಿಸದೆ ಹೇಳಿ.

ಕಡೆಯದಾಗಿ, ಅಪ್ಪ ಮಾರಿದ ಹೊಲ. ಇದನ್ನು ಹೇಳಲೇಬೇಕೆಂಬ ಕಟ್ಟುಪಾಡು ಎಲ್ಲಿಯೂ ಇಲ್ಲ. ಇದು ನಿಮ್ಮ ಕಥೆ ಮಾತ್ರವಲ್ಲ, ನಿಮ್ಮ ತಂದೆಯದೂ ಹೌದು. ಅವರು ಯಾವ ಕಷ್ಟಕ್ಕೆ ಮಾರಿದರೋ, ಆ ದಿನ ಅವರಿಗೆ ಏನಾಗಿತ್ತೋ! ಹಾಗಾಗಿ ಮೊದಲು ಅವರೊಂದಿಗೆ ಕೂತು ಮಾತಾಡಿ. ಅವರು ಬೇಡವೆಂದರೆ ಅಲ್ಲಿಗೆ ಬಿಡಿ. ಹೂಂ ಎಂದರೂ ಒಂದು ವಿಷಯವನ್ನು ಯೋಚಿಸಿ. ಹೊಲ ಹೋದದ್ದನ್ನು ಮೊದಲೇ ಹೇಳಿಬಿಟ್ಟರೆ, ನೋಡುವವರು ಆರೂ ಚಿತ್ರಗಳನ್ನು ಆ ಒಂದೇ ದುಃಖದಿಂದ ಓದುತ್ತಾರೆ. ಮಣ್ಣಿನ ಬಣ್ಣ, ಗೆರೆಯ ಓಟ, ಸುಣ್ಣದ ಬಿಳುಪು ಯಾವುದೂ ಅವರಿಗೆ ಕಾಣುವುದಿಲ್ಲ. ಕನಿಕರ ಹುಟ್ಟುತ್ತದೆ, ನೋಟ ನಿಲ್ಲುತ್ತದೆ. ಪ್ರದರ್ಶನಗಳಲ್ಲಿ ಇಂಥ ಕಥೆಗಳಿಗೆ ಗಿರಾಕಿಗಳಿರುತ್ತಾರೆ, ಇನ್ನಷ್ಟು ಹೇಳಿ ಎಂದು ಕೆದಕುವವರೂ ಇರುತ್ತಾರೆ. ನಿಮ್ಮ ಮನೆಯ ನೋವನ್ನು ಚಿತ್ರದ ಜೊತೆಗೆ ಮಾರಾಟಕ್ಕಿಡಬೇಡಿ. ಈ ಪ್ರದರ್ಶನದ ಬರಹದಲ್ಲಿ ಅದು ಬೇಡ ಎಂಬುದು ನನ್ನ ಸಲಹೆ. ಯಾರಾದರೂ ಚಿತ್ರವನ್ನು ಬಹಳ ಹೊತ್ತು ನೋಡಿ, ಮನಸ್ಸಿಟ್ಟು ಕೇಳಿದರೆ, ನಿಮಗೂ ಹೇಳಬೇಕು ಅನಿಸಿದರೆ, ಆಗ ಒಂದು ವಾಕ್ಯದಲ್ಲಿ ಹೇಳಿ. ಹೇಳಲು ಇಷ್ಟವಿಲ್ಲದಿದ್ದರೆ “ಅದು ಮನೆಯ ವಿಷಯ, ಚಿತ್ರದ ಬಗ್ಗೆ ಕೇಳಿ” ಎನ್ನಿ. ಹಾಗೆ ಹೇಳಿದರೆ ಯಾರಿಗೂ ಅವಮರ್ಯಾದೆ ಮಾಡಿದಂತಾಗುವುದಿಲ್ಲ.

ಅರ್ಥವನ್ನೇ ಪಟ್ಟು ಹಿಡಿದು ಕೇಳುವವರೂ ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರು ಎಲ್ಲಿಂದ ನೋಡಲು ಶುರುಮಾಡಬೇಕು ಎಂಬ ದಾರಿ ಕೇಳುತ್ತಿರುತ್ತಾರೆ. ನಿಮ್ಮ ಕಣ್ಣಿಗೆ ಮೊದಲು ಬಿದ್ದದ್ದು ಯಾವುದು ಎಂದು ಮರಳಿ ಕೇಳಿ, ಅವರು ತೋರಿಸಿದ ಜಾಗದ ಬಗ್ಗೆಯೇ ಮಾತಾಡಿ. ನಿಮಗೆ ಗೊತ್ತಿಲ್ಲದ್ದನ್ನು ಕೇಳಿದರೆ “ಅದು ನನಗೂ ಗೊತ್ತಿಲ್ಲ, ಕೈ ಹಾಗೆ ಹೋಯಿತು” ಎನ್ನಿ. ಮಾಡಿದವರು ಎಲ್ಲವನ್ನೂ ತಿಳಿದು ಮಾಡಿರುವುದಿಲ್ಲ. ಅದನ್ನು ಒಪ್ಪಿಕೊಳ್ಳುವುದರಲ್ಲಿ ಕೀಳರಿಮೆ ಬೇಕಾಗಿಲ್ಲ.

ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಕೇಳಿದ್ದೀರಿ. ನೀವು ಕಂಡದ್ದು, ಮಾಡಿದ್ದು, ಬಿಟ್ಟದ್ದು ಇಷ್ಟನ್ನು ಹೇಳಿ. ಅದರಾಚೆಗಿನದು ನೋಡುವವರ ಪಾಲು, ಅದನ್ನು ಅವರಿಗೇ ಬಿಡಿ. ಬರುವ ತಿಂಗಳು ಧೈರ್ಯವಾಗಿ ಹೋಗಿ, ನಿಮ್ಮ ಭಾಷೆಯಲ್ಲೇ ಮಾತಾಡಿ ಬನ್ನಿ.